ಕದನವಾರ್ತೆಯೂ ಶ್ರಾವಕಧರ್ಮವೂ: ಕಳಸ ಸೀಮೆಯ ಇತಿಹಾಸದಿಂದ ಒಂದು ಪಾಠ

ಭದ್ರಾನದಿಯ ತೀರದಲ್ಲಿ, ಕಾಫಿ ತೋಟಗಳ ನಡುವೆ ಇರುವ ಕಳಸವು ಇಂದಿನ ಯಾತ್ರಿಕರಿಗೆ ಕಳಸೇಶ್ವರನ ಸನ್ನಿಧಿಯೆಂದೂ ಹೊರನಾಡಿಗೆ ಹೋಗುವ ದಾರಿಯೆಂದೂ ಪರಿಚಿತವಾಗಿದೆ. ಆದರೆ ಕರ್ನಾಟಕದ ಜೈನ ಇತಿಹಾಸದಲ್ಲಿ ಈ ಊರಿಗೆ ಬೇರೊಂದು ಸ್ಥಾನವುಂಟು. ಪದ್ಮಾವತಿ ದೇವಿಯ ಅನುಗ್ರಹದಿಂದ ಜಿನದತ್ತರಾಯನು ಹೊಂಬುಜದಲ್ಲಿ ಸ್ಥಾಪಿಸಿದನೆಂದು ಪರಂಪರೆ ಹೇಳುವ ಸಾಂತರ ಮನೆತನದ ಒಂದು ಶಾಖೆ ಶಿಶಿಲದ ಮಾರ್ಗವಾಗಿ ಕಳಸಕ್ಕೆ ಬಂದು, ಇಲ್ಲಿ ನೆಲೆಯೂರಿ, ಅನಂತರ ಘಟ್ಟವಿಳಿದು ಕಾರ್ಕಳವನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿತು. ಇದನ್ನೇ ಇತಿಹಾಸಕಾರರು ಕಳಸ-ಕಾರ್ಕಳ ರಾಜ್ಯವೆಂದು ಕರೆಯುತ್ತಾರೆ. 13ನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿಯರಂಥ ರಾಣಿಯರು ಇಲ್ಲಿಂದ ಆಳಿದುದನ್ನು ಶಾಸನಗಳು ತಿಳಿಸುತ್ತವೆ. ಜಿನಭಕ್ತರಾದ ಈ ಅರಸರು ಕಳಸನಾಥನ ದೇವಾಲಯಕ್ಕೂ ದತ್ತಿಗಳನ್ನು ಬಿಟ್ಟುದು ಆ ಕಾಲದ ಮತಸೌಹಾರ್ದಕ್ಕೆ ಸಾಕ್ಷಿಯಾಗಿದೆ.

ಆ ಪುಟ್ಟ ರಾಜ್ಯವನ್ನು ಇಂದು ಮತ್ತೆ ನೆನೆಯಲು ಒಂದು ಕಾರಣವಿದೆ. 2022ರ ಫೆಬ್ರವರಿಯಿಂದ ಉಕ್ರೇನಿನ ಯುದ್ಧ, 2023ರ ಅಕ್ಟೋಬರಿನಿಂದ ಗಾಜಾದ ಯುದ್ಧ, 2025ರ ಮೇ ತಿಂಗಳಲ್ಲಿ ಭಾರತದ ಗಡಿಯಲ್ಲಿಯೇ ನಡೆದ ಸಂಘರ್ಷ ಇವು ಒಂದರ ಹಿಂದೊಂದಾಗಿ ಮನೆಮನೆಯ ದೂರದರ್ಶನ ಪೆಟ್ಟಿಗೆಗೂ ಕೈಯಲ್ಲಿಯ ದೂರವಾಣಿಗೂ ಬಂದು ಇಳಿದವು. ತೋಟದ ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಗೃಹಸ್ಥನಿಗೆ ಒಂದು ಕಡೆ ಸರ್ಕಾರಗಳ ಜಯಘೋಷ, ಇನ್ನೊಂದು ಕಡೆ ಅರೆಗಳಿಗೆಗೊಮ್ಮೆ ವಿಷಯ ಬದಲಿಸುವ ವಾಹಿನಿಗಳ ಗದ್ದಲ. ಕೊನೆಗೆ ಆತನ ಬಾಯಲ್ಲಿ ಬರುವುದು ಒಂದೇ ಮಾತು: ಸಾಕು. ಈ 'ಸಾಕು' ಎಂಬುದು ವಿವೇಕದ ಮಾತೋ, ಕೇವಲ ಆಲಸ್ಯದ ಮಾತೋ? ಧರ್ಮದೃಷ್ಟಿಯಿಂದ ಈ ಪ್ರಶ್ನೆ ಚಿಕ್ಕದಲ್ಲ. ಯುದ್ಧ, ರಾಜಪ್ರಚಾರ, ವಾರ್ತೆ ಈ ಮೂರರೊಡನೆಯೂ ಕಳಸದ ಅರಸರು ವ್ಯವಹರಿಸಿದ್ದರು. ಅವರು ಬಿಟ್ಟುಹೋದ ಕಲ್ಲುಗಳಲ್ಲಿ ಈ ಪ್ರಶ್ನೆಗೆ ಉತ್ತರದ ಸುಳಿವಿದೆ.

ಮುದ್ರಣಯಂತ್ರವಿಲ್ಲದ ಕಾಲದಲ್ಲಿ ರಾಜನ ಮಾತನ್ನು ಪ್ರಜೆಗೆ ಮುಟ್ಟಿಸುತ್ತಿದ್ದುದು ಶಾಸನದ ಪ್ರಶಸ್ತಿಭಾಗ. ದಾನದ ವಿವರ ನಾಲ್ಕು ಸಾಲಿದ್ದರೆ ಅದಕ್ಕೆ ಮೊದಲು ಬಿರುದುಗಳು ಹತ್ತು ಸಾಲು ಬರುವುದುಂಟು. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸ ಒಡೆಯನು ಆ ಬಸದಿಯ ಶಾಸನದಲ್ಲಿ 'ಅರಿರಾಯರ ಗಂಡರ ದಾವಣಿ' ಎಂಬ ಬಿರುದಿನಿಂದ ಮೆರೆಯುತ್ತಾನೆ. ಶತ್ರುರಾಜರ ವೀರರನ್ನು ದನಗಳಂತೆ ಒಂದೇ ಹಗ್ಗಕ್ಕೆ ಕಟ್ಟಿದವನು ಎಂದು ಅದರ ತಾತ್ಪರ್ಯ. ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರಿಗೆ ಸಮರ್ಪಿತವಾದ ಶಾಂತಿಮಂದಿರದ ಕಲ್ಲಿನಲ್ಲಿಯೂ ಇಂಥ ಬಿರುದು ಬಂದುದರಲ್ಲಿ ಆಶ್ಚರ್ಯವಿಲ್ಲ. ಅದು ಅಂದಿನ ಅರಸುತನದ ವಾಡಿಕೆ. ಆದರೆ ಬಿರುದಾವಳಿಯಲ್ಲಿ ಸೋಲು ಎಂಬುದು ಇಲ್ಲ, ಸುಟ್ಟ ಊರಿಲ್ಲ, ಹಾಳಾದ ಗದ್ದೆಯಿಲ್ಲ ಎಂಬುದನ್ನು ಓದುಗನು ಮರೆಯಬಾರದು.

ಅವುಗಳ ಲೆಕ್ಕವಿರುವುದು ಬೇರೆ ಕಲ್ಲುಗಳಲ್ಲಿ. ಮಲೆನಾಡಿನ ಅನೇಕ ಊರುಗಳ ಅಂಚಿನಲ್ಲಿ, ದೇವಾಲಯದ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಇದು ಅವುಗಳ ಸಾಮಾನ್ಯ ಕ್ರಮ. ಬರಹವಿರುವ ಕಲ್ಲುಗಳಲ್ಲಿ ಸತ್ತವನ ಹೆಸರು, ತಂದೆಯ ಹೆಸರು, ಯಾವ ತುರುಗೊಳ್ಳಿನಲ್ಲಿ ಅಥವಾ ಯಾವ ಊರಳಿವಿನಲ್ಲಿ ಬಿದ್ದನೆಂಬ ವಿವರ ದೊರೆಯುತ್ತದೆ. ಇಲ್ಲಿಯೂ ಹೊಗಳಿಕೆ ಇಲ್ಲದಿಲ್ಲ; ಆದರೂ ಸತ್ತವನೊಬ್ಬ ಮನುಷ್ಯ, ಆತನಿಗೊಂದು ಮನೆಯಿತ್ತು ಎಂಬಷ್ಟನ್ನಾದರೂ ಅವು ಹೇಳುತ್ತವೆ. ಇವುಗಳಿಗೆ ಎದುರಾಗಿ ಜೈನಕ್ಷೇತ್ರಗಳಲ್ಲಿ ನಿಷಿಧಿಗಲ್ಲುಗಳಿವೆ. ಹೊಂಬುಜದಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ಇರುವ ಈ ಕಲ್ಲುಗಳು ಸಲ್ಲೇಖನದಿಂದ, ಎಲ್ಲ ಜೀವಿಗಳ ಕ್ಷಮೆ ಬೇಡಿ ದೇಹ ಬಿಟ್ಟವರ ಸ್ಮಾರಕಗಳು. ಒಂದೇ ನಾಡು, ಒಂದೇ ಶತಮಾನ, ಒಮ್ಮೊಮ್ಮೆ ಒಂದೇ ಕುಲ ಎರಡು ಬಗೆಯ ಕಲ್ಲನ್ನೂ ನೆಟ್ಟಿದೆ. ಇದೇ ಕರ್ನಾಟಕದ ಜೈನರ ನಿಜವಾದ ಇತಿಹಾಸ. ಯುದ್ಧದಿಂದ ದೂರವಿದ್ದ ಸಮಾಜವಲ್ಲ ಇದು. ಯುದ್ಧವನ್ನು ಮಾಡಿಯೂ ಅದರ ಮಿತಿಯನ್ನು ಕಂಡುಕೊಂಡ ಸಮಾಜ.

ಇದಕ್ಕೆ ಚಾವುಂಡರಾಯನಿಗಿಂತ ಬೇರೆ ನಿದರ್ಶನ ಬೇಡ. ಗಂಗರ ಮಂತ್ರಿಯೂ ದಂಡನಾಯಕನೂ ಆದ ಆತನು 981ರ ಸುಮಾರಿಗೆ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದನು. ಆತನಿಗೆ ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗ ಮೊದಲಾದ ಕದನದ ಬಿರುದುಗಳಿದ್ದವು. ಅವುಗಳ ಜೊತೆಗೆ 'ಸತ್ಯಯುಧಿಷ್ಠಿರ' ಎಂಬ ಇನ್ನೊಂದು ಬಿರುದೂ ಇತ್ತು. ಪರಿಹಾಸ್ಯಕ್ಕೂ ಸುಳ್ಳಾಡದವನೆಂಬ ಕಾರಣಕ್ಕೆ ಬಂದುದು. ಆತನ ವಿಜಯಗಳನ್ನು ವಿವರಿಸುವ ಬರಹವೊಂದು ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವ ಕಂಬದ ಮೇಲಿತ್ತು. ಸುಮಾರು ಇನ್ನೂರು ವರ್ಷಗಳ ಅನಂತರ ಹೆಗ್ಗಡೆ ಕಣ್ಣನೆಂಬವನು ತನ್ನ ಪುಟ್ಟ ಶಾಸನಕ್ಕೆ ಎಡೆ ಮಾಡಿಕೊಳ್ಳಲು ಆ ಬರಹದ ಬಹುಭಾಗವನ್ನು ಒರಸಿಹಾಕಿದನು. ಇಂದು ಓದಲು ಸಿಗುವುದು ಅದರ ಆರಂಭದ ಭಾಗ ಮಾತ್ರ. ಕದನದ ಹೊಗಳಿಕೆ ಅಳಿಸಿಹೋಯಿತು, ಕದನವನ್ನು ತೊರೆದವನ ಮೂರ್ತಿ ಉಳಿಯಿತು.

ಈ ಸಂಗತಿಯನ್ನು ಪುರಾಣ ಮೊದಲೇ ಬಲ್ಲದು. ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ, 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿಯೂ ಭರತನ ದಿಗ್ವಿಜಯದ ಒಂದು ಪ್ರಸಂಗ ಬರುತ್ತದೆ. ಷಟ್ಖಂಡವನ್ನೂ ಗೆದ್ದ ಚಕ್ರವರ್ತಿ ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಅಲ್ಲಿ ನೋಡಿದರೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ಕಿಕ್ಕಿರಿದಿದೆ; ಒಂದಕ್ಷರಕ್ಕೂ ಎಡೆಯಿಲ್ಲ. ಆತನ ಗರ್ವ ಕರಗುತ್ತದೆ. ಆದರೂ ಕೊನೆಗೆ ಹಿಂದಿನವನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ರಾಜಪ್ರಚಾರದ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಕಥೆ ದುರ್ಲಭ. ಪ್ರತಿಯೊಬ್ಬ ವಿಜಯಿಯೂ ತಾನೇ ಮೊದಲಿಗನೆಂದು ಭಾವಿಸುತ್ತಾನೆ. ಪ್ರತಿಯೊಂದು ವಿಜಯವಾರ್ತೆಯೂ ಹಿಂದಿನದನ್ನು ಒರಸಿಯೇ ಬರೆಯಲ್ಪಡುತ್ತದೆ.

ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಹೊರಗೆ ನಿಂತುಬಿಟ್ಟ ಮೇಲಿನ ಕಥೆ ಎಲ್ಲ ಶ್ರಾವಕರಿಗೂ ವಿದಿತವೇ ಇದೆ. ಅದರಲ್ಲಿ ಮಂತ್ರಿಗಳ ಪಾತ್ರವನ್ನು ಮಾತ್ರ ಅನೇಕರು ಗಮನಿಸುವುದಿಲ್ಲ. ಎರಡೂ ಸೈನ್ಯಗಳು ಎದುರುಬದುರಾಗಿ ನಿಂತಾಗ ಉಭಯಪಕ್ಷದ ಮಂತ್ರಿಗಳು ಕೂಡಿ ವಿಚಾರಿಸಿದರು: ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಅವರಿಗೆ ಅಪಾಯವಿಲ್ಲ, ಸಾಯುವವರು ಸಾಮಾನ್ಯ ಯೋಧರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಇಬ್ಬರೇ ತೀರ್ಮಾನಿಸಿಕೊಳ್ಳಲಿ ಎಂದರು. ಆ ಮಂತ್ರಿಗಳು ಯಾರ ಜಯಘೋಷವನ್ನೂ ಮಾಡಲಿಲ್ಲ. ಸಾಯುವವರು ಯಾರೆಂಬ ನಿಜವನ್ನು ಸಭೆಯಲ್ಲಿ ಹೇಳಿದರು. ಬಾಹುಬಲಿಯ ವೈರಾಗ್ಯಕ್ಕೆ ಮುನ್ನ ಮಂತ್ರಿಗಳ ಈ ಸತ್ಯವಚನವಿದೆ. ಅದಿಲ್ಲದಿದ್ದರೆ ಆ ವೈರಾಗ್ಯ ಹುಟ್ಟುವ ಹೊತ್ತಿಗೆ ರಣರಂಗ ಹೆಣಗಳಿಂದ ತುಂಬಿರುತ್ತಿತ್ತು.

ಕಳಸ-ಕಾರ್ಕಳದ ಅರಸು ವೀರಪಾಂಡ್ಯನು ಭಟ್ಟಾರಕ ಲಲಿತಕೀರ್ತಿಗಳ ಪ್ರೇರಣೆಯಿಂದ 1432ರ ಫೆಬ್ರವರಿ 13ರಂದು ಕಾರ್ಕಳದ ಬೆಟ್ಟದ ಮೇಲೆ ಪ್ರತಿಷ್ಠಾಪಿಸಿದುದು ಈ ಬಾಹುಬಲಿಯನ್ನು. ಸುಮಾರು 42 ಅಡಿಯ ಆ ವಿಗ್ರಹದಲ್ಲಿ ಆಯುಧವಿಲ್ಲ, ಕಿರೀಟವಿಲ್ಲ. ಅರಸನೊಬ್ಬನು ತನ್ನ ರಾಜಧಾನಿಯ ಅತಿ ಎತ್ತರದ ಸ್ಥಳದಲ್ಲಿ, ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟವನನ್ನು ನಿಲ್ಲಿಸುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಮೂರ್ತಿಯನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಬೋಧೆ ವಂಶಕ್ಕೆ ಇಳಿಯುವುದಿಲ್ಲವೆಂಬುದಕ್ಕೂ ಇದೇ ಮನೆತನ ಉದಾಹರಣೆ. ವೇಣೂರಿನ ತಿಮ್ಮರಾಜ ಅಜಿಲನು 1604ರಲ್ಲಿ 35 ಅಡಿಯ ಗೊಮ್ಮಟನನ್ನು ಪ್ರತಿಷ್ಠಾಪಿಸಿದನು. ಅದರ ಸಿದ್ಧತೆ ನಡೆಯುತ್ತಿದ್ದಾಗ ಕಾರ್ಕಳದ ಅರಸನು, ತನ್ನ ಊರಿನ ಮೂರ್ತಿಯ ಖ್ಯಾತಿಗೆ ಕುಂದು ಬರುವುದೆಂದು ದಂಡೆತ್ತಿ ಹೋದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದೂ ಐತಿಹ್ಯವಿದೆ. ಯುದ್ಧವನ್ನು ತೊರೆದವನ ಮೂರ್ತಿಗಾಗಿ ಯುದ್ಧ! ಇಂದು ಬಸದಿಗಳ ಆಡಳಿತ ಹೊತ್ತವರು ಈ ಐತಿಹ್ಯವನ್ನು ಮುಜುಗರವಿಲ್ಲದೆ ನೆನಪಿಡಬೇಕು. ನಮ್ಮದು ಎಂಬ ಅಭಿಮಾನ ಮಾನಕಷಾಯಕ್ಕೆ ತಿರುಗಲು ಬಹಳ ದೂರ ನಡೆಯಬೇಕಾಗಿಲ್ಲ.

ಅದೇ ಸೀಮೆಯಿಂದ ಇನ್ನೊಂದು ದನಿಯೂ ಹೊರಟಿತ್ತು. ಮೂಡುಬಿದಿರೆಯ ರತ್ನಾಕರವರ್ಣಿ, ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದನೆಂದು ಪರಂಪರೆ ಹೇಳುವ ಕವಿ, 16ನೆಯ ಶತಮಾನದ ನಡುಭಾಗದಲ್ಲಿ ಭರತೇಶ ವೈಭವವನ್ನು ಬರೆದನು. ಪೂರ್ವಕವಿಗಳೆಲ್ಲ ವರ್ಣಿಸಿದ್ದ ಮೂರು ಯುದ್ಧಗಳನ್ನು ಆತನು ನಡೆಯಗೊಡಲಿಲ್ಲ. ಭರತನ ಮೃದುವಾದ ಮಾತೇ ತಮ್ಮನ ಮನಸ್ಸನ್ನು ಕರಗಿಸುವಂತೆ ಕಥೆಯನ್ನು ತಿರುಗಿಸಿದನು. ಶತಮಾನಗಳಿಂದ ಕೇಳಿಬಂದ ಕದನವರ್ಣನೆ ಇನ್ನು ಸಾಕೆಂದು ಕವಿಗೆ ತೋರಿರಬೇಕು. ಆದರೆ ಆತನು ಆ ಬೇಸರದಿಂದ ಕಥೆಯನ್ನು ಕೈಬಿಡಲಿಲ್ಲ. ಕಥೆಯೊಳಗೆ ಮಾತಿಗೆ ಎಡೆ ಮಾಡಿಕೊಟ್ಟನು.

ಮುಂದೆ ಕೆಳದಿಯ ನಾಯಕರ ಏಳ್ಗೆಯೊಡನೆ ಭೈರರಸರ ಪ್ರಾಬಲ್ಯ ಕುಗ್ಗಿತು. ಕಾಲಕ್ರಮದಲ್ಲಿ ಕಳಸ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತು. ಕಲ್ಲಿನ ಶಾಸನದ ಸ್ಥಾನಕ್ಕೆ ಪತ್ರಿಕೆ ಬಂತು. ಪತ್ರಿಕೆ ಬಂದ ಮೇಲೆ ಅದನ್ನು ಹತೋಟಿಯಲ್ಲಿಡುವ ಯತ್ನವೂ ಬಂತು. 1908ರ ವೃತ್ತಪತ್ರಿಕೆಗಳ ನಿಬಂಧನೆ ಮೈಸೂರಿನ ಪತ್ರಕರ್ತರ ತೀವ್ರ ವಿರೋಧವನ್ನು ಎದುರಿಸಿತು. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನಿಂದ ಬಾನುಲಿ ಕೇಂದ್ರವನ್ನು ಆರಂಭಿಸಿದ ನಾಲ್ಕೇ ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾಯಿತು.

ಆ ಯುದ್ಧದ ಒಂದು ಗುಂಡೂ ಕಳಸದ ಬೆಟ್ಟಗಳಲ್ಲಿ ಸಿಡಿಯಲಿಲ್ಲ. ಆದರೂ ಅದು ಇಲ್ಲಿಗೆ ಬಂದೇ ಬಂತು. ಯೂರೋಪಿನ ಮಾರುಕಟ್ಟೆಗಳು ಮುಚ್ಚಿಹೋಗಿ ಕಾಫಿಯನ್ನು ಕೊಳ್ಳುವವರಿಲ್ಲದಾಯಿತು. 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆಯೂ ಬಂದವು. ಬೆಳೆಗಾರನು ತನ್ನ ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆಯುವ ಪದ್ಧತಿ ನೆಲೆಗೊಂಡಿತು. ಆ ಸಂಕಟದಲ್ಲಿ ಅನೇಕ ತೋಟಗಳನ್ನು ಉಳಿಸಿದ ಕ್ರಮವದು ಎಂಬುದನ್ನು ಒಪ್ಪಬೇಕು. ಆದರೆ ಯುದ್ಧ 1945ರಲ್ಲಿ ಮುಗಿದರೂ ಪೂಲ್ ಪದ್ಧತಿ 1990ರ ದಶಕದವರೆಗೆ ಮುಂದುವರಿಯಿತು. ಯುದ್ಧ ಮುಗಿದ ಸುದ್ದಿಯೊಡನೆ ಯುದ್ಧದ ಪರಿಣಾಮಗಳು ಮುಗಿಯುವುದಿಲ್ಲ; ಜಯಘೋಷದ ಮರುದಿನದಿಂದ ಅವುಗಳ ವಾರ್ತೆ ಮಾತ್ರ ನಿಂತುಹೋಗುತ್ತದೆ.

ವಾರ್ತೆ ನಿಂತರೆ ಏನಾಗುವುದೆಂಬುದಕ್ಕೆ ಅದೇ ಯುದ್ಧಕಾಲದ ಬಂಗಾಳ ಘೋರ ಸಾಕ್ಷಿ. 1943ರಲ್ಲಿ ಅಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರೂ ಕ್ಷಾಮಸಂಹಿತೆಯನ್ವಯ 'ಕ್ಷಾಮ'ವೆಂದು ಸರ್ಕಾರ ಘೋಷಿಸಲಿಲ್ಲ. ಯುದ್ಧದ ಹೆಸರಿನಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು. ಕಲಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದ ಮೇಲೆಯೇ ಹೊರಲೋಕದ ಕಣ್ಣು ತೆರೆಯಿತು. ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆ 30 ಲಕ್ಷದಷ್ಟೆಂದು ಅಂದಾಜು. ಒಂದು ನಿಜವಾದ ಚಿತ್ರಕ್ಕೂ ಅನ್ನದಾನದ ಪುಣ್ಯವುಂಟೆಂದು ಇಲ್ಲಿ ತಿಳಿಯಬೇಕು.

ಅಂದು ವಾರ್ತೆಯ ಕೊರತೆ. ಇಂದು ವಾರ್ತೆಯ ಪ್ರವಾಹ. ಫಲ ಬಹುಮಟ್ಟಿಗೆ ಒಂದೇ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಅವರಲ್ಲಿ ಕನ್ನಡಿಗರೂ ಇದ್ದರು. ಮೇ 7ರಂದು ಸೈನಿಕ ಕಾರ್ಯಾಚರಣೆ ಆರಂಭವಾಗಿ ಮೇ 10ರಂದು ಗುಂಡಿನ ಕಾಳಗ ನಿಂತಿತು. ಆ ನಾಲ್ಕು ದಿನಗಳಲ್ಲಿ ಹಲವು ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಸಾರಿದವು, ಅದು ನಿಜವಾಗಿರಲಿಲ್ಲ. ಗಡಿಯ ಜಿಲ್ಲೆಯೊಂದರಲ್ಲಿ ಶೆಲ್ ಸಿಡಿದು ಸತ್ತ ಅಮಾಯಕ ಪ್ರಜೆಯೊಬ್ಬರನ್ನು ಉಗ್ರನೆಂದು ತೋರಿಸಿದವು; ಪೊಲೀಸರೇ ಅದನ್ನು ಅಲ್ಲಗಳೆಯಬೇಕಾಯಿತು. ವಿಮಾನದಾಳಿಯ ಎಚ್ಚರಿಕೆಯ ಸೈರನ್ನನ್ನು ಕಾರ್ಯಕ್ರಮಗಳ ಹಿನ್ನೆಲೆ ಸಂಗೀತದಂತೆ ಬಳಸುವುದು ಎಷ್ಟು ಹೆಚ್ಚಿತೆಂದರೆ, ಜನರು ನಿಜವಾದ ಸೈರನ್ನಿಗೂ ಕಿವುಡಾಗುವರೆಂದು ಕೇಂದ್ರ ಸರ್ಕಾರವು ಅದನ್ನು ನಿಲ್ಲಿಸುವಂತೆ ಸೂಚಿಸಿತು. ಸತ್ತವರ ಮನೆಗಳಲ್ಲಿ ಶೋಕ ಕಳೆಯುವ ಮೊದಲೇ ವಾಹಿನಿಗಳ ಗಮನ ಬೇರೆಡೆಗೆ ಹರಿದಿತ್ತು.

ಇಂಥ ಸಂದರ್ಭದಲ್ಲಿ ಶ್ರಾವಕನ ಕರ್ತವ್ಯವೇನು? ಪ್ರಾಚೀನ ಆಚಾರ್ಯರು ಈ ವಿಷಯದಲ್ಲಿ ಮೌನವಾಗಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡವನ್ನು ಐದು ಬಗೆಯಾಗಿ ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಯಾವ ಪ್ರಯೋಜನವೂ ಇಲ್ಲದೆ ಪಾಪವನ್ನು ತಂದುಕೊಳ್ಳುವ ದಾರಿಗಳಿವು. ಪರರ ವಧೆ ಬಂಧನಗಳನ್ನು ಮನಸ್ಸಿನಲ್ಲಿಯೇ ಬಯಸುವುದು ಅಪಧ್ಯಾನ; ಅಮೃತಚಂದ್ರಸೂರಿಗಳು ಜಯ, ಪರಾಜಯ, ಯುದ್ಧಗಳ ಚಿಂತನೆಯನ್ನೇ ಇದರಲ್ಲಿ ಸೇರಿಸಿದ್ದಾರೆ. ರಾಗದ್ವೇಷಗಳಿಂದ ಮನಸ್ಸನ್ನು ಕಲಕುವ ಕಥೆಗಳನ್ನು ಕೇಳುವುದು ದುಃಶ್ರುತಿ. ನಾಲ್ಕು ವಿಕಥೆಗಳಲ್ಲಿ ರಾಜಕಥೆಯೂ ಒಂದು. ದೀವಾನಖಾನೆಯಲ್ಲಿ ಕುಳಿತು ದೂರದ ಊರು ಉರಿಯುವುದನ್ನು ಪಂದ್ಯದಂತೆ ನೋಡುವವನು ಬಂದೂಕು ಹಿಡಿಯದಿದ್ದರೂ ಈ ದೋಷಗಳಿಂದ ಮುಕ್ತನಲ್ಲ.

ಹಾಗಾದರೆ ವಾರ್ತೆಯನ್ನೇ ಬಿಟ್ಟುಬಿಡೋಣವೆಂದು ದಣಿದವನು ಕೇಳಬಹುದು. ಅದಕ್ಕೂ ಶಾಸ್ತ್ರ ಒಪ್ಪುವುದಿಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ; ಆತ್ಮರಕ್ಷಣೆಗೂ ಆಶ್ರಿತರ ರಕ್ಷಣೆಗೂ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಪೂರ್ಣವಾಗಿ ಬಿಡುವುದು ಆತನಿಗೆ ಶಕ್ಯವಲ್ಲ. ಗಡಿ ಕಾಯುವ ಯೋಧನನ್ನು ಜೈನಧರ್ಮ ಹಳಿಯದಿರುವುದು ಈ ಕಾರಣದಿಂದ. ಆದರೆ ಒಂದು ಯುದ್ಧ ರಕ್ಷಣೆಗಾಗಿಯೋ, ಮಾನಲೋಭಗಳಿಗಾಗಿಯೋ ಎಂಬುದನ್ನು ಪ್ರಜೆ ತಿಳಿಯುವುದು ಹೇಗೆ? ಸತ್ಯವಾದ ವಾರ್ತೆಯಿಂದ ಮಾತ್ರ. ವಾರ್ತೆ ಸುಳ್ಳಾದರೆ ಆತನು ಸಂಕಲ್ಪೀ ಹಿಂಸೆಯನ್ನು ವಿರೋಧೀ ಹಿಂಸೆಯೆಂದು ನಂಬಿ ಅನುಮೋದಿಸುತ್ತಾನೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದರ ಭಾರವೂ ಕರ್ಮವೇ. ಆದುದರಿಂದಲೇ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು ಹುಟ್ಟಿಸುವುದನ್ನು, ಎಣಿಸಿದೆ. ಪರಿಶೀಲಿಸದೆ ಬಂದ ಸಂದೇಶವನ್ನು ಹತ್ತು ಮಂದಿಗೆ ದಾಟಿಸುವವನು ತಾನು ಬರೆದವನಲ್ಲವೆಂದು ನುಣುಚಿಕೊಳ್ಳಲಾರನು.

ಹೀಗಿರಲು ದಣಿವಿನಲ್ಲಿ ಎರಡು ಬಗೆಯುಂಟೆಂದು ತಿಳಿಯಬೇಕು. ಕೇಳಿ ಕೇಳಿ ಕಿವಿ ಮರಗಟ್ಟಿ, ಸತ್ತವರ ಸಂಖ್ಯೆ ಬರಿಯ ಅಂಕಿಯಾಗಿ ತೋರುವುದು ಒಂದು ಬಗೆ, ಅದು ಪ್ರಮಾದ. ಗೆಲುವಿನ ಹೊಗಳಿಕೆ ಸಾಕು, ಸಾಯುವವರು ಯಾರೆಂದು ಹೇಳಿರಿ ಎನ್ನುವುದು ಇನ್ನೊಂದು ಬಗೆ. ಅದು ಆ ಮಂತ್ರಿಗಳ ದಾರಿ, ವೈರಾಗ್ಯದ ಮೊದಲ ಮೆಟ್ಟಿಲು. ಮೊದಲನೆಯದರಿಂದ ಆಳುವವರಿಗೆ ಅನುಕೂಲ, ಏಕೆಂದರೆ ದಣಿದು ಮಲಗಿದ ಪ್ರಜೆ ಪ್ರಶ್ನೆ ಕೇಳುವುದಿಲ್ಲ. ಎರಡನೆಯದರಿಂದ ಜೀವಗಳಿಗೆ ಅನುಕೂಲ.

ಇದನ್ನು ಆಚರಣೆಗೆ ತರಲು ದೊಡ್ಡ ಸಾಧನೆಗಳು ಬೇಕಾಗಿಲ್ಲ. ಸಾಮಾಯಿಕಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಎಂದು ಪರಂಪರೆ ಗೊತ್ತುಮಾಡಿದೆ. ಯುದ್ಧದ ಯಾವುದೇ ಸುದ್ದಿಯನ್ನು ಇತರರಿಗೆ ಹೇಳುವ ಮುನ್ನ ಅಷ್ಟು ಕಾಲ ತಡೆದು, ಬೇರೊಂದು ಮೂಲದಿಂದ ಅದನ್ನು ಪರಿಶೀಲಿಸುವ ನಿಯಮವನ್ನು ಕುಟುಂಬಗಳು ಇಟ್ಟುಕೊಳ್ಳಬಹುದು. ದಶಲಕ್ಷಣ ಪರ್ವದ ಕೊನೆಯ ಕ್ಷಮಾವಾಣಿಯಂದು, ಆ ವರ್ಷ ಯುದ್ಧಗಳಲ್ಲಿ ಸತ್ತ ಎಲ್ಲ ನಾಡಿನ ಜೀವಗಳನ್ನು ನೆನೆಯುವ ಪದ್ಧತಿಯನ್ನು ಬಸದಿಗಳ ಆಡಳಿತ ಮಂಡಳಿಗಳು ಆರಂಭಿಸಬಹುದು. ಪಾಠಶಾಲೆಯ ಮಕ್ಕಳಿಗೆ ಬಾಹುಬಲಿಯ ಕಥೆ ಹೇಳುವಾಗ ವೃಷಭಾಚಲವನ್ನೂ ಮಂತ್ರಿಗಳನ್ನೂ ಬಿಡದೆ ಹೇಳಬೇಕು.

ಕಳಸದಿಂದ ಘಟ್ಟವಿಳಿದ ಅರಸರ ರಾಜ್ಯ ಇಂದಿಲ್ಲ. ಅವರು ಗೆದ್ದ ಕದನಗಳ ಹೆಸರು ಆ ಸೀಮೆಯ ಜನರಿಗೇ ನೆನಪಿಲ್ಲ. ಆದರೆ ಕಾರ್ಕಳದಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವಾಗ ವೀರಪಾಂಡ್ಯನ ಹೆಸರನ್ನು ಸಾವಿರಾರು ಮಂದಿ ಹೇಳುತ್ತಾರೆ. ಆತನು ಆ ಬೆಟ್ಟದ ಮೇಲೆ ತನ್ನನ್ನು ನಿಲ್ಲಿಸಿಕೊಳ್ಳದೆ, ಗೆದ್ದುದನ್ನು ಬಿಟ್ಟು ಕಣ್ಣು ತೆರೆದು ನಿಂತವನನ್ನು ನಿಲ್ಲಿಸಿದನು. ಬಾಹುಬಲಿಯ ಮೂರ್ತಿಯಲ್ಲಿ ಕಣ್ಣುಗಳು ಮುಚ್ಚಿಲ್ಲ. ಲೋಕದ ಕದನಗಳಿಂದ ದಣಿದ ಶ್ರಾವಕನೂ ಕಣ್ಣು ಮುಚ್ಚದೆ ನಿಲ್ಲುವುದನ್ನು ಕಲಿಯಲಿ.